ಹದಿನಾಲ್ಕು ಸೊನ್ನೆ

ನವೆಂಬರ್ 4, ಸೋಮವಾರ

ಆದೋನಿ ವೃದ್ಧಾಶ್ರಮ, ಮೂರನೇ ದಿನ. ಉಳಿದ ಐವರದೂ ಮುಗಿಯಿತು. ಮೊದಲು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು, ಆಮೇಲೆ ಆತಂಕ ಅಳೆಯುವ ಇಪ್ಪತ್ತು ಪ್ರಶ್ನೆ. ನಿದ್ದೆ ಬರುತ್ತದೆಯೇ, ಎದೆ ಹೊಡೆದುಕೊಳ್ಳುತ್ತದೆಯೇ... ಹತ್ತು ಅಂಕ ದಾಟಿದವರನ್ನು ಡಾಕ್ಟರ್ ಬಂದು ನೋಡುತ್ತಾರೆ. ಯಾರೂ ದಾಟಲಿಲ್ಲ. ಕೊನೆಯವಳು ಗಾದಿಲಿಂಗಮ್ಮ. "ಏಮೀ ಲೇದು ತಾಯಿ, ನನಗೇನೂ ಇಲ್ಲ" — ಇಪ್ಪತ್ತಕ್ಕೂ ಅದೇ ಉತ್ತರ. ಹದಿನಾಲ್ಕು ಜನ, ಹದಿನಾಲ್ಕು ಸೊನ್ನೆ. ಇಷ್ಟು ನೆಮ್ಮದಿ ನಮ್ಮ ಮನೆಯಲ್ಲೂ ಇಲ್ಲ! ಈ ಸಂಶೋಧನೆ ನಡೆಸುವ ಚಂದ್ರಮೋಹನ್ ಸರ್‌ಗೆ ಫೋನಿನಲ್ಲಿ ಜಂಭದಿಂದಲೇ ಹೇಳಿದೆ.

ನವೆಂಬರ್ 9, ಶನಿವಾರ

ಮ್ಯಾನೇಜರ್ ಸಹಿ ಒಂದು ಬಿಟ್ಟುಹೋಗಿತ್ತು. ಮತ್ತೆ ಹೋದೆ. ಸುಂಕಪ್ಪ ತಾತ ಬಾಗಿಲಲ್ಲೇ ತಡೆದ. ಆ ಹದಿನಾಲ್ಕರಲ್ಲೊಬ್ಬ, ಹೊಳಗುಂದದ ಕಡೆಯವನು, ಕುರಿ ಕಾಯ್ದೇ ಮುದುಕನಾದವನು.

"ಗಾದಿಲಿಂಗಮ್ಮಗ ಎಷ್ಟು ಹಾಕೀಯವ್ವಾ?"

"ಸೊನ್ನೆ, ತಾತಾ."

"ಕುರಿ ಹೆದರಿದರ ಒದರೋದಿಲ್ಲ. ಮೆಲುಕು ಹಾಕೋದು ಬಿಡ್ತೈತಿ. ಆಕಿ ಬಾಯಿ ನೋಡು. ನಾಕು ದಿನದಿಂದ ಎಲಿ-ಅಡಿಕಿ ಇಲ್ಲ. ರೊಟ್ಟಿ ಮುರದಂಗ ಮಾಡಿ ನಾಯಿಗಿ ಹಾಕ್ತಾಳ."

ನೋಡಿದೆ. ನಿಜ. ಕೆನ್ನೆ ಇಳಿದುಹೋಗಿತ್ತು. ಎಂ.ಎ. ಸೈಕಾಲಜಿ ಮಾಡಿದವಳು ನಾನು, ಕಂಡದ್ದು ಅವನಿಗೆ.

ಗಾದಿಲಿಂಗಮ್ಮನ ಪಕ್ಕದಲ್ಲಿ ಕುಳಿತೆ. ಮಡಿಲಲ್ಲಿ ಗಂಟು — ಎರಡು ಸೀರೆ, ಒಂದು ಸ್ಟೀಲ್ ಲೋಟ.

"ಗಾಡಿ ಯಾವಾಗ ಬರ್ತೈತಿ?" ಅಂದಳು.

"ಯಾವ ಗಾಡಿ ಅಮ್ಮಾ?"

"ಹೆಬ್ಬೆಟ್ಟು ಒತ್ತಿಸಿಕೊಂಡೀಯಲ್ಲ. ಹಿಂದ ಒಮ್ಮಿ ಮೈದುನಗ ಒತ್ತಿಕೊಟ್ಟೆ, ಮರುದಿನ ಮನಿ ಬಿಡಿಸಿದ್ರು. ಈಗ ಇಲ್ಲಿಂದ ಎಲ್ಲಿಗಿ ಹಾಕ್ತೀರಿ?"

"ಇಷ್ಟು ಹೆದರಿಕೆ ಇದ್ರೂ ಏನೂ ಇಲ್ಲ ಅಂದ್ರಲ್ಲಮ್ಮಾ?"

"ಐತಿ ಅಂದ್ರ ಹುಚ್ಚರ ದವಾಖಾನಿಗಿ ಕಳಸ್ತೀರಿ ಅಂದ್ಕಂಡೆ."

ಒಪ್ಪಿಗೆ ಪತ್ರವನ್ನು ಪುಸ್ತಕದ ತೆಲುಗಿನಲ್ಲಿ ಗಡಗಡ ಓದಿ ಮುಗಿಸಿದ್ದೆ. ಹೆದರಿಕೆ ಅಳೆಯಲು ಹೋಗಿ ನಾನೇ ಹೆದರಿಕೆ ಕೊಟ್ಟು ಬಂದಿದ್ದೆ. ನಾಚಿಕೆಯಾಯಿತು. ಯಾರೂ ಎಲ್ಲಿಗೂ ಕಳಿಸುವುದಿಲ್ಲ ಅಂತ ಆಣೆ ಮಾಡಿದೆ. ನಂಬಲಿಲ್ಲ. "ಮೈದುನನೂ ಆಣಿ ಮಾಡಿದ್ದ."

ನವೆಂಬರ್ 11, ಸೋಮವಾರ

ಗಾದಿಲಿಂಗಮ್ಮನ ಹೆಬ್ಬೆಟ್ಟಿನ ಕಾಗದ ವಾಪಸ್ ಕೊಡಲೇ ಅಂತ ಕೇಳಿದ್ದಕ್ಕೆ ಸರ್ ಸಿಟ್ಟಾದರು. "ಒಬ್ಬಾಕಿದು ವಾಪಸ್ ಕೊಡು ಮಂಗಳಾ. ಎಲ್ಲಾರದೂ ಕೊಟ್ರ ಡೇಟಾ ಇಲ್ಲ, ನಿನ್ನ ಕೆಲಸಾನೂ ಇಲ್ಲ."

ನವೆಂಬರ್ 12, ಮಂಗಳವಾರ, ಮಧ್ಯಾಹ್ನ

ಗಾದಿಲಿಂಗಮ್ಮನ ಕೈಗೆ ಕಾಗದ ಕೊಟ್ಟೆ. ತನ್ನ ಹೆಬ್ಬೆಟ್ಟಿನ ಗುರುತನ್ನು ತಾನೇ ಮುಟ್ಟಿ ನೋಡಿದಳು. ಮಡಚಿ ಕುಪ್ಪಸದಲ್ಲಿಟ್ಟುಕೊಂಡಳು. ಆಮೇಲೆ ರೊಟ್ಟಿ ಕೇಳಿದಳು! ನನಗೆ ಅಳು ಬಂತು.

ಕಸ ಗುಡಿಸುತ್ತಿದ್ದ ಭಾಗ್ಯ ನಿಂತು ನೋಡಿದಳು. "ಆಕಿದೊಂದೇ ಅಂತ ತಿಳ್ಕಂಡ್ರೇನು ಮೇಡಂ? ಮಂಚದ ಕೆಳಗ ನೋಡ್ರಿ."

ಬಗ್ಗಿದೆ. ಒಂದೊಂದು ಮಂಚದ ಕೆಳಗೂ ಹೊರಡಲು ಕಟ್ಟಿಟ್ಟ ಒಂದೊಂದು ಗಂಟು. ಗಾದಿಲಿಂಗಮ್ಮನದು ಸೇರಿ ಹದಿನಾಲ್ಕು.

ಹೊರಗೆ ಪಡಸಾಲೆಯಲ್ಲಿ ಅವರೆಲ್ಲ ಶೇಂಗಾ ಸುಲಿಯುತ್ತ ಒಬ್ಬರನ್ನೊಬ್ಬರು ರೇಗಿಸಿಕೊಂಡು ನಗುತ್ತಿದ್ದರು. ಇಷ್ಟು ಭಯ ಹೊಟ್ಟೆಯಲ್ಲಿಟ್ಟುಕೊಂಡು ದಿನಾ ನನಗೆ "ಚಾ ಕುಡಿದು ಹೋಗು ತಾಯಿ" ಅಂದವರು. ಎಂಥ ಜನ! ಕೈ ಮುಗಿಯಬೇಕೆನಿಸಿತು. ಮುಗಿದೆ ಕೂಡ, ಮಂಚಗಳಿಗೆ.

ಮೂಲೆಯ ಗಂಟು ಕಂಬಳಿಯದು. ಸುಂಕಪ್ಪ ತಾತನದು. ಆಕೆಯನ್ನು ತೋರಿಸಿಕೊಟ್ಟವನು ತನ್ನದನ್ನು ಹೇಳಲೇ ಇಲ್ಲ.

ಎಲ್ಲರ ಕಾಗದವನ್ನೂ ಹಂಚಿಬಿಟ್ಟೆ. ಕೆಲಸ ಹೋದರೆ ಹೋಗಲಿ.

ಸುಂಕಪ್ಪ ತನ್ನದನ್ನು ತೆಗೆದುಕೊಂಡು ನನ್ನೆದುರು ಕುಳಿತ. "ಈಗ ಕೇಳವ್ವಾ."

ಪೆನ್ನು ಕೆಳಗಿಟ್ಟೆ. "ಹೆದರಿಕಿ ಆಗ್ತೈತೇನು ತಾತಾ?"

ನನ್ನ ಕೈ ಹಿಡಿದುಕೊಂಡು, "ಆಗ್ತೈತವ್ವಾ, ದಿನಾ ರಾತ್ರಿ ಆಗ್ತೈತಿ" ಅಂದ.