ದುಂಡು ಮೊಹರಿನ ದುಂಡಾವರ್ತಿ

ಶಾಲಾ ಶಿಕ್ಷಣ ಇಲಾಖೆಯ ವೃತ್ತಿ ಮಾರ್ಗದರ್ಶನ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ,

ಮೊದಲು ತಪ್ಪೊಪ್ಪಿಗೆ, ಆಮೇಲೆ ತಕರಾರು. ಇಂದಿಗೆ ನಲವತ್ತಮೂರು ದಿನಗಳ ಹಿಂದೆ, ಒಂದು ಗುರುವಾರ ಮಧ್ಯಾಹ್ನ ಎರಡೂಕಾಲರ ಸುಮಾರಿಗೆ, ನಾನು ನನ್ನ ಮೇಜಿನ ಡ್ರಾಯರಿನಿಂದ ಕಾಲೇಜು ಗ್ರಂಥಾಲಯದ ದುಂಡು ಮೊಹರನ್ನು ತೆಗೆದು, ಗ್ರಂಥಾಲಯಕ್ಕೆ ಯಾವ ಸಂಬಂಧವೂ ಇಲ್ಲದ ಒಂದು ದಿನಚರಿ ಪುಸ್ತಕದ ಮೇಲೆ ಒತ್ತಿದೆ. ಒಂದು ಸಲವಲ್ಲ, ಮೂರು ಸಲ. ಮೂರನೆಯ ಸಲ ಪ್ಯಾಡಿನ ಶಾಯಿ ಒಣಗಿದ್ದರಿಂದ ಮೊಹರಿನ ಮೇಲೆ ಬಾಯಿಂದ ಹಾ ಎಂದು ಉಸಿರು ಬಿಟ್ಟು, ಸಾಕ್ಷಾತ್ ಕೊಲೆಗಾರನ ಏಕಾಗ್ರತೆಯಿಂದ ಒತ್ತಿದೆ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಒಂದು ಪುಟದ ಮೂಲೆ ಮಡಚಿದವನಲ್ಲ ನಾನು. ಬಿದ್ದರೆ ಇಷ್ಟು ಆಳಕ್ಕೇ ಬೀಳಬೇಕು.

ಆ ದಿನಚರಿ ಹತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳದು. ಈ ಅಪರಾಧಕ್ಕೆ ಶಿಕ್ಷೆ ನನಗೆ ಆಗಬೇಕಿತ್ತು. ತಾವು ಅವಳಿಗೆ ಕೊಟ್ಟಿದ್ದೀರಿ. ಅವಳ ಮುಂದಿನ ಓದನ್ನು ನಿರ್ಧರಿಸುವ ತಮ್ಮ ಶಿಫಾರಸು ಪತ್ರ ಮೊನ್ನೆ ಕೈಸೇರಿತು. ಅದರಲ್ಲಿ ಆಕೆಯನ್ನು ಗ್ರಂಥಾಲಯ ಸಹಾಯಕರ ಕೋರ್ಸಿಗೆ ತಳ್ಳಿ, "ಈ ವಿದ್ಯಾರ್ಥಿನಿಗೆ ಪುಸ್ತಕಗಳ ನಡುವೆ ಉಜ್ವಲ ಭವಿಷ್ಯವಿದೆ" ಎಂದು ಬರೆದಿದ್ದೀರಿ. ಮಾನ್ಯರೇ, ಪುಸ್ತಕಗಳ ನಡುವೆ ನಾನು ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಅಲ್ಲಿ ಉಜ್ವಲವಾಗಿರುವುದು ಒಂದು ಟ್ಯೂಬ್‌ಲೈಟು. ಅದೂ ಕಣ್ಣು ಹೊಡೆಯುತ್ತದೆ.

ಕತೆ ಶುರುವಾಗಿದ್ದು ತಮ್ಮ ಸುತ್ತೋಲೆಯಿಂದ. ಅದರ ಪ್ರಕಾರ ಹತ್ತನೆಯ ತರಗತಿಯ ಪ್ರತಿ ಮಗುವೂ ಮೂರು ದಿನ ಒಂದು ಕೆಲಸದ ಜಾಗಕ್ಕೆ ಹೋಗಿ, ಅಲ್ಲಿ ಕಂಡದ್ದನ್ನು ದಿನಚರಿಯಲ್ಲಿ ಬರೆದು, ಅಲ್ಲಿನ ಮುಖ್ಯಸ್ಥರ ಮೊಹರು ಹಾಕಿಸಿಕೊಂಡು ಬರಬೇಕು. ದಿನಚರಿಯ ಆಧಾರದ ಮೇಲೆ ಮುಂದಿನ ಕೋರ್ಸಿಗೆ ಶಿಫಾರಸು. ಈ ಸುತ್ತೋಲೆಯ ಹನ್ನೊಂದು ಪುಟಗಳನ್ನೂ ನಾನು ಮೂರು ಸಲ ಓದಿದ್ದೇನೆ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಕನ್ನಡಕವಿಲ್ಲದೆ. ಅದನ್ನು ಹೊರಡಿಸಿದವರು ಒಂದು ಸಲವಾದರೂ ಓದಿದ್ದಾರೆಂಬುದಕ್ಕೆ ನನ್ನ ಬಳಿ ಪುರಾವೆಯಿಲ್ಲ. ಓದಿದ ಮೇಲೆ ಹೇಳುತ್ತೇನೆ, ಯೋಚನೆ ಒಳ್ಳೆಯದೇ. ಹದಿನೈದು ವರ್ಷದ ಮಗುವನ್ನು ಕೂರಿಸಿಕೊಂಡು "ದೊಡ್ಡವಳಾದ ಮೇಲೆ ಏನಾಗ್ತೀಯ" ಎಂದು ಪೀಡಿಸುವ ಬದಲು "ಹೋಗಿ ನೋಡ್ಕೊಂಡು ಬಾ" ಎನ್ನುವುದು ಎಷ್ಟೋ ಮೇಲು. ಇಷ್ಟು ಒಳ್ಳೆಯ ಯೋಚನೆ ತಮ್ಮ ಇಲಾಖೆಗೆ ಹೇಗೆ ನುಸುಳಿತೋ ಗೊತ್ತಿಲ್ಲ. ಬಾಗಿಲಲ್ಲಿ ಯಾರೂ ಇರಲಿಲ್ಲವೇನೋ.

ಮಗಳ ತರಗತಿಗೆ ಇಲಾಖೆಯ ಪಟ್ಟಿಯಿಂದ ಗೊತ್ತುಪಡಿಸಿದ್ದು ಒಂದು ಬ್ಯಾಂಕು. ಇಪ್ಪತ್ತಮೂರು ಮಕ್ಕಳನ್ನು ಹಳೆಯ ಕಡತಗಳ ಕೋಣೆಯಲ್ಲಿ ಕೂರಿಸಿ, ಏನನ್ನೂ ಮುಟ್ಟಬೇಡಿ ಎಂದು ಹೇಳಿ, ಬಾಗಿಲು ಎಳೆದುಕೊಂಡರಂತೆ. ಗಂಟೆಗೊಮ್ಮೆ ಕಾವಲುಗಾರ ಬಂದು ತಲೆ ಎಣಿಸಿಕೊಂಡು ಹೋಗುತ್ತಿದ್ದನಂತೆ, ಬ್ಯಾಂಕಿನಲ್ಲಿ ಎಣಿಕೆಯೇ ಮುಖ್ಯವಲ್ಲವೇ? ಒಬ್ಬ ಹುಡುಗಿ ಬೇಸರ ತಾಳದೆ ಎಲ್ಲರಿಗೂ ಲೋಟಗಳಲ್ಲಿ ನೀರು ತುಂಬಿ ಕೊಟ್ಟಳು. ಆಕೆಗೆ ತಾವು ಹೋಟೆಲ್ ನಿರ್ವಹಣೆ ಶಿಫಾರಸು ಮಾಡಿದ್ದೀರಿ ಎಂದು ಕೇಳಿ ಸಂತೋಷವಾಯಿತು. ನನ್ನ ಮಗಳು ಹನ್ನೊಂದು ಗಂಟೆಯ ಎಣಿಕೆ ಮುಗಿದ ಮೇಲೆ ಎದ್ದು, ಅವಳ ಉಪಾಧ್ಯಾಯಿನಿಗೆ ಹೇಳಿಯೇ, ರಸ್ತೆ ದಾಟಿ ಎದುರಿನ ಕನ್ನಡಕದ ಅಂಗಡಿಗೆ ಹೋದಳು.

ಆ ಅಂಗಡಿ ಎಷ್ಟಿದೆ ಎಂದರೆ, ಇಬ್ಬರು ಗಿರಾಕಿಗಳು ಬಂದರೆ ಒಬ್ಬರು ಹೊರಗೆ ನಿಂತು ಉಸಿರಾಡಬೇಕು. ಮುಂದೆ ಫ್ರೇಮುಗಳ ಗಾಜಿನ ಪೆಟ್ಟಿಗೆ, ಹಿಂದೆ ಪರದೆ, ಪರದೆಯ ಹಿಂದೆ ನೀರು ತೊಟ್ಟಿಕ್ಕುವ ಸಾಣೆಚಕ್ರ. ಅದನ್ನು ನಡೆಸುವಾಕೆಯನ್ನು ಬೀದಿಯೆಲ್ಲ ಗಾಜಿನಕ್ಕ ಎನ್ನುತ್ತದೆ. ಮೂರು ದಿನ ನನ್ನ ಮಗಳು ಆ ಪರದೆಯ ಹಿಂದಿದ್ದಳು. ಮೂರೂ ಸಂಜೆ ಮನೆಗೆ ಬಂದು, ಕೈಕಾಲು ತೊಳೆಯುವ ಮೊದಲೇ, ಆಪ್ಟಿಕ್ಸ್ ಬಗ್ಗೆ ನನಗೆ ಭಾಷಣ ಬಿಗಿದಳು. ಕನ್ನಡಕವನ್ನು ಕಿಟಕಿಗೆ ಎದುರಾಗಿ ಹಿಡಿದು ಪಕ್ಕಕ್ಕೆ ಸರಿಸಿದಾಗ, ಕಿಟಕಿಯ ಕಂಬಿ ಅದರ ಜೊತೆಗೇ ಓಡಿದರೆ ಮೈನಸ್, ಎದುರು ದಿಕ್ಕಿಗೆ ಓಡಿದರೆ ಪ್ಲಸ್. ನನಗೆ ಇದು ಗೊತ್ತಿರಲಿಲ್ಲ. ತಮಗೂ ಗೊತ್ತಿರಲಿಕ್ಕಿಲ್ಲ. ಭೌತಶಾಸ್ತ್ರದಲ್ಲಿ ನೂರಕ್ಕೆ ಮೂವತ್ತೆಂಟು ತೆಗೆದಿದ್ದ ಹುಡುಗಿ ಹೇಳುತ್ತಿದ್ದಳು, ಮತ್ತು ಪಠ್ಯಪುಸ್ತಕ ತೆಗೆದು ಅದರಲ್ಲಿ ಬರೆದದ್ದು ನಿಜವೋ ಅಲ್ಲವೋ ಎಂದು ತಾನೇ ತಾಳೆ ನೋಡುತ್ತಿದ್ದಳು. ಅಪ್ಪನಾದವನಿಗೆ ಇದಕ್ಕಿಂತ ಗಾಬರಿಯ ದೃಶ್ಯ ಬೇರೆ ಬೇಕೆ?

ಎರಡನೆಯ ದಿನ ಅವಳು ಒಂದು ಗಾಜಿನ ಮಧ್ಯಬಿಂದುವನ್ನು ಎರಡು ಮಿಲಿಮೀಟರ್ ಪಕ್ಕಕ್ಕೆ ಗುರುತು ಮಾಡಿಬಿಟ್ಟಳಂತೆ. ಎರಡು ಮಿಲಿಮೀಟರ್ ತಾನೇ, ಯಾರಿಗೆ ಗೊತ್ತಾಗುತ್ತದೆ ಎಂದಳಂತೆ. ಗಾಜಿನಕ್ಕ ಆ ಗಾಜನ್ನು ಪಕ್ಕಕ್ಕಿಟ್ಟು ಹೇಳಿದ್ದು ಇಷ್ಟು:

"ತಲೆನೋವು ನಿಂಗೆ ಬರಲ್ಲ ಕಣೇ. ಹಾಕ್ಕೊಂಡೋರಿಗೆ ಬರುತ್ತೆ."

ಮಾರ್ಗದರ್ಶನದ ಬಗ್ಗೆ ನಾನು ಈವರೆಗೆ ಕೇಳಿರುವ ಮಾತುಗಳಲ್ಲಿ ಇದೇ ಅತ್ಯುತ್ತಮ. ಇದನ್ನು ಚೌಕಟ್ಟು ಹಾಕಿಸಿ ತಮ್ಮ ಕೋಣೆಯಲ್ಲಿ ತೂಗುಹಾಕಲು ಕೋರುತ್ತೇನೆ. ಮೂರನೆಯ ದಿನ ಮಗಳು ತಾನೇ ಒಂದು ಜೊತೆ ಗಾಜು ಸಾಣೆ ಹಿಡಿದು ಫ್ರೇಮಿಗೆ ಕೂರಿಸಿದಳು. ಯಾರಿಗೆ ಅಂದುಕೊಂಡಿರಿ? ನನಗೆ. ಹಿಂದಿನ ಸಂಜೆ ಪರೀಕ್ಷೆಯ ಗಾಜುಗಳ ಪೆಟ್ಟಿಗೆಯನ್ನು ಅಂಗಡಿಯಿಂದ ಎರವಲು ತಂದು, ನನ್ನ ಮೂಗಿನ ಮೇಲೆ ಸ್ಕೇಲ್ ಇಟ್ಟು ಅಳೆದಿದ್ದಳು. ಬೇಡವೆಂದರೂ ಕೇಳಲಿಲ್ಲ. "ಅಪ್ಪಾ, ನೀನು ಪೇಪರ್ ಓದ್ತಿದ್ದೀಯಾ, ಇಲ್ಲಾ ಒಣಗಿಸ್ತಿದ್ದೀಯಾ? ಅಷ್ಟು ದೂರ ಹಿಡ್ಕೊಂಡು?" ಎಂದು ಕೇಳಿದಳು. ನನ್ನ ಕೈಗಳು ಹುಟ್ಟಿನಿಂದಲೇ ಉದ್ದ ಎಂದೆ. ಕನ್ನಡಕವನ್ನು ಪ್ರೀತಿಯಿಂದ ಸ್ವೀಕರಿಸಿ, ಅಪರೂಪದ ಹಸ್ತಪ್ರತಿಯ ಹಾಗೆ ಗ್ರಂಥಾಲಯದ ಡ್ರಾಯರಿನಲ್ಲಿ ಭದ್ರಪಡಿಸಿದೆ. ಸಂಗ್ರಹದಲ್ಲಿದೆ, ಬಳಕೆಗಿಲ್ಲ.

ಇನ್ನು ಮೊಹರಿನ ಮಾತು. ಗಾಜಿನಕ್ಕನ ಬಳಿ ಇದ್ದದ್ದು ಒಂದೇ ಮೊಹರು. ಚೌಕದ್ದು. ಅದನ್ನೇ ಮನಸಾರೆ ಒತ್ತಿ ಕಳಿಸಿದ್ದರು. ಹೀಗಾಗಿ ನನ್ನ ಮಗಳ ದಿನಚರಿಯ ಕೊನೆಯಲ್ಲಿ, ಆಕೆಯ ಹೆಸರಿನ ಪಕ್ಕದಲ್ಲೇ, ನೀಲಿ ಶಾಯಿಯಲ್ಲಿ, "ಮಾರಿದ ಸರಕನ್ನು ವಾಪಸು ತೆಗೆದುಕೊಳ್ಳುವುದಿಲ್ಲ" ಎಂದು ಮೂಡಿತ್ತು. ಆದರೂ ದಿನಚರಿ ಹಿಂದಕ್ಕೆ ಬಂತು, ಸರಕು ವಾಪಸಾದ ಹಾಗೆ. ತಮ್ಮ ಕಚೇರಿಯ ನಾಲ್ಕನೆಯ ಕಿಟಕಿಯಲ್ಲಿ ಕೂರುವ ಗುಮಾಸ್ತರನ್ನು ವಿಚಾರಿಸಿದೆ. ಸಭ್ಯರು. ಕುರ್ಚಿ ಕೊಟ್ಟರು.

"ಮೊಹರು ಚೌಕ ಇದೆ ಸಾರ್. ದುಂಡಗಿರ್ಬೇಕು."

"ಯಾಕೆ?"

"ಫಾರಂನಲ್ಲಿ ಜಾಗ ದುಂಡಗಿದೆಯಲ್ಲ."

ನೋಡಿದೆ. ಇತ್ತು. ಮುದ್ರಣಾಲಯದವರು ಅಂದಕ್ಕೆಂದು ಹಾಕಿದ ಒಂದು ವೃತ್ತ. ಆ ವೃತ್ತಕ್ಕೆ ತಕ್ಕ ವೃತ್ತಿ ಹುಡುಕಬೇಕು. ದುಂಡು ಮೊಹರಿದ್ದರೆ ದುಡಿಮೆ, ಚೌಕ ಮೊಹರಿದ್ದರೆ ಕಾಲಹರಣ. ಬಡಗಿ, ದರ್ಜಿ, ಗಡಿಯಾರ ರಿಪೇರಿಯವ, ಇವರ ಬಳಿ ಚೌಕದ್ದೂ ಇಲ್ಲವಲ್ಲ, ಅವರ ಗತಿಯೇನು ಎಂದೆ. ಅವರ ಮಕ್ಕಳು ಬ್ಯಾಂಕಿಗೆ ಹೋಗಬಹುದು ಸಾರ್ ಎಂದರು. ಮರುದಿನ ಮಧ್ಯಾಹ್ನ ಎರಡೂಕಾಲಕ್ಕೆ ನಡೆದದ್ದು ತಮಗೆ ಗೊತ್ತೇ ಇದೆ. ಮಗಳು ಮೊಹರು ನೋಡಿ, "ಇದು ಸುಳ್ಳಲ್ವಾಪ್ಪಾ?" ಎಂದಳು. ಸುಳ್ಳಲ್ಲ, ಇಲಾಖೆಗೆ ಬೇಕಾದ ಆಕಾರದಲ್ಲಿರುವ ಸತ್ಯ ಎಂದೆ. ಆ ಮಾತು ಹೊಳೆದದ್ದಕ್ಕೆ ಅರ್ಧ ದಿನ ಖುಷಿಯಾಗಿಯೂ ಇದ್ದೆ.

ಈಗ ತಮ್ಮ ಸಾಧನೆಗೆ ಬರುತ್ತೇನೆ. ಆ ದಿನಚರಿಯಲ್ಲಿ ಇಪ್ಪತ್ತೆರಡು ಪುಟಗಳಿವೆ. ಸಾಣೆಚಕ್ರಕ್ಕೆ ನೀರು ಯಾಕೆ ಬೇಕು, ಪ್ಲಸ್ ಮೈನಸ್ ಹೇಗೆ ಗುರುತಿಸುವುದು, ಎರಡು ಮಿಲಿಮೀಟರಿನ ಕತೆ, ಒಬ್ಬ ಮುದುಕಿ ಹೊಸ ಕನ್ನಡಕ ಹಾಕಿಕೊಂಡು ಮೊದಲು ತನ್ನ ಅಂಗೈಯನ್ನೇ ಎಷ್ಟೋ ಹೊತ್ತು ನೋಡಿದ್ದು, ಎಲ್ಲವೂ ಇದೆ, ಚಿತ್ರ ಸಮೇತ. ಇಪ್ಪತ್ತೆರಡರಲ್ಲಿ ಪುಸ್ತಕ ಎಂಬ ಶಬ್ದ ಒಂದೇ ಒಂದು ಕಡೆ ಬರುತ್ತದೆ, ಅದೂ "ರಸೀದಿ ಪುಸ್ತಕ" ಎಂದು. ಶಿಫಾರಸಿನ ಜೊತೆ ಬಂದ ನಕಲು ನೋಡಿದರೆ, ತಮ್ಮ ಪರಿಶೀಲಕರು ಇದರ ಕೆಳಗೆ, "ಗ್ರಂಥಾಲಯದಲ್ಲಿ ಪಡೆದ ಅನುಭವ ಶ್ಲಾಘನೀಯ" ಎಂದು ಕೆಂಪು ಶಾಯಿಯಲ್ಲಿ ಷರಾ ಬರೆದಿದ್ದಾರೆ. ಮಾನ್ಯರೇ, ತಮ್ಮ ಇಲಾಖೆಯ ದೂರದೃಷ್ಟಿಯ ಬಗ್ಗೆ ನನಗೆ ಸಂದೇಹವಿಲ್ಲ. ಮಗು ನಲವತ್ತನೆಯ ವಯಸ್ಸಿನಲ್ಲಿ ಎಲ್ಲಿರಬೇಕೆಂದು ಇಲ್ಲಿಂದಲೇ ಕಾಣುತ್ತೀರಿ. ತೊಂದರೆ ಇರುವುದು ಹತ್ತಿರದ ನೋಟದಲ್ಲಿ. ಕೈಯಲ್ಲೇ ಇರುವ ಹಾಳೆ ಕಾಣುವುದಿಲ್ಲ.

ತಿದ್ದಿಸೋಣವೆಂದು ಮತ್ತೆ ನಾಲ್ಕನೆಯ ಕಿಟಕಿಗೆ ಹೋದೆ. ಮೊಹರು ಹಾಕಿದ ಗ್ರಂಥಾಲಯದ ಮುಖ್ಯಸ್ಥರಿಂದ, ಹುಡುಗಿ ಅಲ್ಲಿಗೆ ಬಂದಿರಲಿಲ್ಲ ಎಂದು ಪತ್ರ ಬೇಕೆಂದರು. ಮುಖ್ಯಸ್ಥ ನಾನೇ, ಅಲ್ಲೇ ನಿಂತು ಬರೆದುಕೊಟ್ಟೆ. ಪತ್ರ ತಿರುಗಿಸಿ ನೋಡಿ, ಇದರ ಮೇಲೆ ಮೊಹರು ಎಲ್ಲಿ ಎಂದರು. ಮೊಹರು ಸುಳ್ಳೆಂದು ಹೇಳುವ ಪತ್ರಕ್ಕೂ ಅದೇ ಮೊಹರು ಬೇಕಂತೆ. ಮೊಹರನ್ನು ನಂಬಿದರೆ ಪತ್ರ ಸುಳ್ಳು, ಪತ್ರವನ್ನು ನಂಬಿದರೆ ಮೊಹರು ಸುಳ್ಳು. ಇದನ್ನು ಅವರಿಗೆ ವಿವರಿಸಿದೆ. ಸಮಾಧಾನವಾಗಿ ಕೇಳಿ, "ಅದನ್ನ ನಿರ್ದೇಶಕರೇ ತೀರ್ಮಾನ ಮಾಡ್ಬೇಕು ಸಾರ್" ಎಂದು ತಮ್ಮ ಕೋಣೆಯತ್ತ ಬೆರಳು ತೋರಿಸಿದರು. ಬಾಗಿಲಿಗೆ ಬೀಗವಿತ್ತು. ವೃತ್ತಿ ಮಾರ್ಗದರ್ಶನದ ವಿಚಾರ ಸಂಕಿರಣಕ್ಕೆ ತಾವು ಹೋಗಿದ್ದಿರಂತೆ. ಆದ್ದರಿಂದ ಈ ಬಹಿರಂಗ ಪತ್ರ. ಪತ್ರಿಕೆಯಲ್ಲಿ ಅಚ್ಚಾದ ತಪ್ಪೊಪ್ಪಿಗೆಗೆ ಮೊಹರು ಬೇಕಾಗಲಿಕ್ಕಿಲ್ಲ ಎಂಬ ಆಸೆ.

ನಗೆಯನ್ನು ಒಂದು ಕ್ಷಣ ಪಕ್ಕಕ್ಕಿಡುತ್ತೇನೆ. ಕನ್ನಡಕ ತಯಾರಿಕೆ ಮತ್ತು ದೃಷ್ಟಿ ಪರೀಕ್ಷೆಯ ಎರಡು ವರ್ಷದ ಕೋರ್ಸಿಗೆ ಅರ್ಜಿ ಹಾಕಲು ಬರುವ ಶುಕ್ರವಾರ ಕಡೆಯ ದಿನ. ತಮ್ಮ ಶಿಫಾರಸು ಬದಲಾಗದಿದ್ದರೆ ಅರ್ಜಿಯನ್ನು ಮುಟ್ಟುವುದೇ ಇಲ್ಲ ಎಂದು ಆ ಕೋರ್ಸಿನವರು ಹೇಳಿದ್ದಾರೆ. ಶಿಫಾರಸು ಪತ್ರ ಬಂದ ದಿನ ಮಗಳು ಅಳಲಿಲ್ಲ, ಜಗಳವಾಡಲಿಲ್ಲ. ಓದಿ, ಮಡಚಿ, ನನ್ನ ಮೇಜಿನ ಮೇಲಿಟ್ಟು, "ನಿನ್ ಮೊಹರು ಚೆನ್ನಾಗಿ ಮೂಡಿದೆ ಅಪ್ಪಾ" ಎಂದಳು. ಅಂದಿನಿಂದ ಅವಳು ಗಾಜಿನಕ್ಕನ ಅಂಗಡಿಯ ದಾರಿ ಬಿಟ್ಟು, ಸುತ್ತು ಬಳಸಿ ಶಾಲೆಗೆ ಹೋಗುತ್ತಿದ್ದಾಳೆ.

ನನ್ನ ಬೇಡಿಕೆ ಸಣ್ಣದು, ಮತ್ತು ಅದು ತಾವು ಒಪ್ಪಿಕೊಂಡ ದಾಖಲೆಯಲ್ಲೇ ಇದೆ. ನಮ್ಮ ಗ್ರಂಥಾಲಯದ ಮೊಹರಿನ ಅಂಚಿನಲ್ಲಿ ಸುತ್ತಲೂ ಒಂದು ಸಾಲಿದೆ. ತಮ್ಮಲ್ಲಿ ಯಾರೂ ಓದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತೇನೆ: "ಪಡೆದ ಹದಿನೈದು ದಿನಗಳೊಳಗೆ ಹಿಂದಿರುಗಿಸತಕ್ಕದ್ದು." ದಿನಚರಿ ತಮ್ಮ ಕೈಸೇರಿ ನಲವತ್ತೊಂದು ದಿನವಾಯಿತು. ಅವಧಿ ಮೀರಿದೆ. ಶುಕ್ರವಾರದೊಳಗೆ ನನ್ನ ಮಗಳನ್ನು, ಹಾಳೆ ಹರಿಯದಂತೆ, ಗೀಚದಂತೆ, ಅವಳು ಎಲ್ಲಿಗೆ ಸೇರಿದವಳೋ ಅಲ್ಲಿಗೆ ಹಿಂದಿರುಗಿಸಿ. ಮೊಹರು ಒತ್ತಿದವನಿಗೆ ಏನು ಶಿಕ್ಷೆಯೋ ಕೊಡಿ, ಡ್ರಾಯರಿನ ಬೀಗದ ಕೈಯನ್ನು ಪ್ರಾಂಶುಪಾಲರಿಗೆ ಆಗಲೇ ಒಪ್ಪಿಸಿದ್ದೇನೆ.

ಇಲ್ಲಿಗೆ ಪತ್ರ ಮುಗಿದಿತ್ತು. ತಮ್ಮ ಸುತ್ತೋಲೆಯ ಸಂಖ್ಯೆಯನ್ನು ಸರಿಯಾಗಿ ನಮೂದಿಸೋಣವೆಂದು ಅದನ್ನು ಕೈಗೆತ್ತಿಕೊಂಡೆ. ಸಂಖ್ಯೆ ಮೂರೋ ಎಂಟೋ ತಿಳಿಯಲಿಲ್ಲ. ದೀಪ ಸರಿಯಿಲ್ಲ ಎಂದುಕೊಂಡೆ. ಕಿಟಕಿಯ ಬಳಿ ಹೋದೆ. ಕೈ ಎಷ್ಟು ಚಾಚಿದರೂ ಆಗಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದುದರಿಂದ, ಪ್ರಾಂಶುಪಾಲರಿಂದ ಡ್ರಾಯರಿನ ಬೀಗ ತೆಗೆಸಿ ಮನೆಗೆ ತಂದುಕೊಂಡಿದ್ದ ಆ ಕನ್ನಡಕವನ್ನು ಮೂಗಿಗೇರಿಸಿದೆ. ಸಂಖ್ಯೆ ಎಂಟು. ಅಷ್ಟಕ್ಕೇ ತೆಗೆದಿಡಬಹುದಿತ್ತು. ಆದರೆ ಹನ್ನೊಂದನೆಯ ಪುಟದ ಬುಡದಲ್ಲಿ, ಇದುವರೆಗೆ ನಾನು ಅಲಂಕಾರದ ಗೆರೆ ಎಂದುಕೊಂಡಿದ್ದು, ಅಕ್ಷರಗಳಾಗಿ ಎದ್ದು ನಿಂತಿತು: "ಪಟ್ಟಿಯಲ್ಲಿಲ್ಲದ ಅಥವಾ ಮೊಹರಿಲ್ಲದ ಕೆಲಸದ ಸ್ಥಳವಾದಲ್ಲಿ, ಪಾಲಕರು ಸ್ವತಃ ಅಲ್ಲಿಗೆ ಭೇಟಿ ನೀಡಿ, ಮಗು ಮಾಡಿದ ಕೆಲಸವನ್ನು ಕಂಡು, ನಾಲ್ಕು ಸಾಲು ಬರೆದುಕೊಟ್ಟರೆ ಸಾಕು."

ಆ ಮೂರು ದಿನಗಳಲ್ಲಿ ನಾನು ಆ ಅಂಗಡಿಗೆ ಒಮ್ಮೆಯೂ ಹೋಗಿರಲಿಲ್ಲ. ಇಂದು ಬೆಳಿಗ್ಗೆ ಹೋದೆ. ನಾಲ್ಕು ಸಾಲು ಇದರೊಂದಿಗಿದೆ. ಅಕ್ಷರ ಸಣ್ಣದಾಗಿ, ಸ್ಪಷ್ಟವಾಗಿ ಬಂದಿದೆ. ಈಗ ಎಲ್ಲವೂ ಕಾಣುತ್ತದೆ.

ಇಂತಿ,
ಹನ್ನೊಂದು ಪುಟಗಳನ್ನು ಮೂರು ಸಲ ಓದದೇ ಇದ್ದ ಒಬ್ಬ ಗ್ರಂಥಪಾಲಕ,
ತಡವಾಗಿ ಪಾಲಕ