‘ಫಿಟ್’ ಆಗದ ಹುಡುಗಿಯ ಕೋಣೆಗೆ ಕೈ ಹಾಕಿದವರಿಗೆ

ಶಾಲಾ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನಮ್ಮ ಬಡಾವಣೆಯ ಸರಕಾರಿ ಶಾಲೆಯ ನಾಲ್ಕು ಕೋಣೆಗಳನ್ನು ಚಾರ್ಟರ್ ಶಾಲೆಗೆ ಬಿಟ್ಟುಕೊಡುವ ಠರಾವನ್ನು ಬರುವ ಗುರುವಾರದ ಮೀಟಿಂಗಿಗೆ ತಂದಿದ್ದೀರಿ. ಅದರಲ್ಲೊಂದು ಕೋಣೆಯಲ್ಲಿ ನನ್ನ ಮೊಮ್ಮಗಳು ಗಾರ್ಗಿ ಓದಲು ಕಲಿಯುತ್ತಾಳೆ. ಅವಳನ್ನು ಹೊರಗೆ ಹಾಕಿದವರೇ ಈಗ ಅವಳ ಕೋಣೆಯನ್ನೂ ಕೇಳುತ್ತಿದ್ದಾರೆ. ಕೊಡುವ ದಾನಶೂರರು ತಾವು.

ನಾನು ಓದಿದ್ದು ಒಂದೇ ಕೋಣೆಯ, ಒಬ್ಬರೇ ಮಾಸ್ತರರ ಸಾಲಿಯಲ್ಲಿ. ಆದರೂ ಹತ್ತೊಂಬತ್ತರ ಮಗ್ಗಿಯನ್ನು ಇವತ್ತಿಗೂ ಹಿಂದಿನಿಂದ ಹೇಳುತ್ತೇನೆ. ಈ ಅಮೆರಿಕದ ಕ್ಯುಪರ್ಟಿನೋದ ಯಾವ ಎಂಜಿನಿಯರ್ ಬೇಕಾದರೂ ಪಂಥಕ್ಕೆ ಬರಲಿ. ಎಮ್ಮೆ ಕಾಯುವುದು ಬಿಟ್ಟು ಬಂದವನಿಗೂ ನಮ್ಮ ಮಾಸ್ತರರು ಅಕ್ಷರ ತಿದ್ದಿಸಿದರು, ಯಾರನ್ನೂ ಮನೆಗೆ ಅಟ್ಟಲಿಲ್ಲ. ಚಾರ್ಟರ್‌ನವರು ಹಾಗಲ್ಲ. ದುಡ್ಡು ಸರಕಾರದ್ದು, ಆಡಳಿತ ಸ್ವಂತದ್ದು, ಮಕ್ಕಳೋ ಜರಡಿ ಹಿಡಿದು ಉಳಿಸಿಕೊಂಡವರು.

ಜರಡಿ ಹೇಗೆಂದು ಕೇಳಿ. ಚೀಟಿ ಎತ್ತಿ ಗಾರ್ಗಿಗೆ ಸೀಟು ಕೊಟ್ಟರು. ಅವಳ ಓದು ನಿಧಾನ. ಎರಡನೇ ತಿಂಗಳಿಗೇ ಕರೆ ಬಂತು. ಅವಳ ತಾಯಿ, ನನ್ನ ಅಣ್ಣನ ಮಗಳು ತೇಜಸ್ವಿನಿ, ಆಸ್ಪತ್ರೆಯ ಡ್ಯೂಟಿಯಲ್ಲಿದ್ದಳು, ನಾನೇ ಹೋದೆ. ಪ್ರಿನ್ಸಿಪಾಲರು ಹುಡುಗಿಯ ಎದುರಿಗೇ ನಗುನಗುತ್ತ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ನನಗೆ ತಿಳಿದದ್ದು ಎರಡೇ ಶಬ್ದ: ಗಾರ್ಗಿ, ಫಿಟ್. ನಮ್ಮ ಕಡೆ ಫಿಟ್ಸ್ ಎಂದರೆ ಒಂದೇ ಅರ್ಥ. ಕಿಸೆಯಿಂದ ಕೀಲಿ ಗೊಂಚಲು ತೆಗೆದು ಅವಳ ಮುಷ್ಟಿಗೆ ತುರುಕಿದೆ.

“ಗಟ್ಟಿ ಹಿಡಿ ಕೂಸ, ಕಬ್ಬಿಣ ಬಿಡಬ್ಯಾಡ!”

“ಅಜ್ಜಾ, ಸ್ಟಾಪ್! ಐ ಆ್ಯಮ್ ಫೈನ್!”

ತೇಜಸ್ವಿನಿಗೆ ಫೋನು ಹಚ್ಚಿ, ಕೂಸಿಗೆ ಫಿಟ್ಸ್ ಬರ್ತಾವಂತ, ಲಗೂನ ಬಾ ಎಂದೆ. ಅವಳು ಪ್ರಿನ್ಸಿಪಾಲರೊಡನೆ ಮಾತಾಡಿದಳು. ಆಮೇಲೆ ನನ್ನೊಡನೆ.

“ಆ ಫಿಟ್ಸ್ ಅಲ್ರೀ ಕಾಕಾ. ನಮ್ಮ ಹುಡುಗಿ ಅವರ ಸಾಲಿಗೆ ಹೊಂದಂಗಿಲ್ಲ ಅನ್ನಾಕತ್ತಾರ.”

ರೋಗವಾಗಿದ್ದರೆ ಔಷಧವಾದರೂ ಇತ್ತು, ಅಧ್ಯಕ್ಷರೇ. ಏಳು ವರ್ಷದವಳ ಮುಖ ನೋಡಿ ‘ನೀನು ಹೊಂದುವುದಿಲ್ಲ’ ಎಂದದ್ದಕ್ಕೆ ಯಾವ ಔಷಧ?

ಮುಂದಿನ ಸೋಮವಾರವೇ ಸರಕಾರಿ ಶಾಲೆ ಏನೂ ಕೇಳದೆ ಅವಳನ್ನು ಸೇರಿಸಿಕೊಂಡಿತು. ಓದಿನ ಟೀಚರು ದಿನಕ್ಕೆ ಅರ್ಧ ತಾಸು ಅವಳೊಬ್ಬಳನ್ನೇ ಆ ಕೋಣೆಯಲ್ಲಿ ಕೂರಿಸಿಕೊಳ್ಳುತ್ತಾರೆ. ಈಗ ಪುಟವೊಂದನ್ನು ನಿಧಾನಕ್ಕೆ, ಒಬ್ಬಳೇ ಮುಗಿಸುತ್ತಾಳೆ. ಇದನ್ನೇ ತಾವು ‘ಖಾಲಿ ಜಾಗ’ ಎಂದು ಬರೆದಿದ್ದೀರಿ. ಚಾರ್ಟರ್‌ಗೆ ಜಾಗ ಕೊಡಿ ಎನ್ನುತ್ತದೆ ಕಾನೂನು, ಒಪ್ಪಿದೆ. ಗಾರ್ಗಿಯ ಕೋಣೆಯನ್ನೇ ಕೊಡಿ ಎನ್ನುವ ಕಾನೂನು ಯಾವುದು? ಟೀಚರು ಇನ್ನೆಲ್ಲಿ ಪಾಠ ಹೇಳಬೇಕು, ಪಾರ್ಕಿಂಗ್ ಲಾಟಿನಲ್ಲೇ?

ಆ ಕೋಣೆಯನ್ನು ಪಟ್ಟಿಯಿಂದ ಹೊಡೆದುಹಾಕಿ. ಇಲ್ಲವಾದರೆ ಗುರುವಾರ ಇದೆ. ಸಭೆಯಲ್ಲಿ ಮಾತಾಡಲು ಒಬ್ಬರಿಗೆ ಎರಡು ನಿಮಿಷ ಕೊಡುತ್ತೀರಿ. ತರ್ಜುಮೆ ಬೇಕಾದವರಿಗೆ ನಾಲ್ಕು. ತಮ್ಮ ನಿಯಮವನ್ನು ನಾನೂ ಓದಿಸಿ ತಿಳಿದಿದ್ದೇನೆ. ಗೆಳೆಯ ಬಸವಂತಪ್ಪನಿಂದ ಹಿಡಿದು ಹನ್ನೊಂದು ಮಂದಿ ಹಿರಿಯರು ಕನ್ನಡದಲ್ಲೇ ಮಾತಾಡುತ್ತೇವೆ, ಒಬ್ಬೊಬ್ಬರದೂ ಪೀಠಿಕೆಯೇ ಮೂರು ನಿಮಿಷ. ಕೊನೆಗೆ ಗಾರ್ಗಿ. ಚಾರ್ಟರ್‌ನವರ ಅರ್ಜಿಯ ಮೊದಲ ಸಾಲು ಓದುತ್ತಾಳೆ: ‘ಈ ಶಾಲೆ ಎಲ್ಲ ಮಕ್ಕಳಿಗೂ ತೆರೆದಿದೆ.’ ನಡುವೆ ಎರಡು ಸಲ ತಡವರಿಸುತ್ತಾಳೆ. ಯಾರೂ ಶಬ್ದ ಎತ್ತಿಕೊಡಬೇಡಿ. ಆ ಪ್ರಿನ್ಸಿಪಾಲರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ಪೂರ್ತಿ ಕೇಳಿಸಿ. ಆಮೇಲೆ, ಧೈರ್ಯವಿದ್ದರೆ, ಠರಾವಿಗೆ ಕೈ ಎತ್ತಿ.

ಇಂತಿ,
ಆ ಶಾಲೆಯಲ್ಲಿ ಸೀಟು ಸಿಕ್ಕ ದಿನ ಊರಿಗೆಲ್ಲ ಜಂಬ ಕೊಚ್ಚಿಕೊಂಡ ಮೂರ್ಖ,
ಏಳನೇ ಇಯತ್ತೆ ಪಾಸು ಕುಬೇರಪ್ಪ