ಕೆಂಚನಿಗೆ ಹಸಿ ಮಾಂಸ

ಕ್ಲೇಟನ್, ಜುಲೈ 2007

ಪ್ರಾರ್ಥನಾ,

ಇದನ್ನು ನಾನು ಪೋಸ್ಟ್ ಮಾಡುವುದಿಲ್ಲ. ಆದರೂ ಇವತ್ತು ನಡೆದದ್ದನ್ನು ಹೇಳಲು ನಿನ್ನನ್ನು ಬಿಟ್ಟರೆ ಯಾರೂ ಇಲ್ಲ.

ನಮ್ಮಮ್ಮ ಫೋಟೋದಲ್ಲಿ ನೋಡಿ ಮುಂಗುಸಿ ಅಂದಿದ್ದರಲ್ಲ, ನೀನು ನನ್ನ ಹತ್ತಿರ ಬಿಟ್ಟುಹೋದ ಆ ಎರಡು ಫೆರೆಟ್‌ಗಳಲ್ಲಿ ಮಲ್ಲಿ ಮೇ ತಿಂಗಳಲ್ಲಿ ಸತ್ತುಹೋದಳು. ಕೆಂಚನೂ ಸೊರಗತೊಡಗಿದ. ಪ್ಯಾಕೆಟ್ಟಿನ ಒಣ ತಿಂಡಿ ನಿಲ್ಲಿಸಿ ಹಸಿ ಮಾಂಸ ಕೊಡಿ ಎಂದರು ಡಾಕ್ಟರು. ಸಿಡ್ನಿಗೆ ಹೋಗುವ ಮೊದಲು ನೀನು ಹೇಳುತ್ತಿದ್ದುದೂ ಅದನ್ನೇ.

"ನಮ್ಮ ಫ್ರಿಜ್ಜಲ್ಲಿ ಹೆಣ ಇಡಬೇಡ ಕಣೇ," ಅಂದಿದ್ದೆ ನಾನು.

"ಹೆಣ ಅಲ್ಲ ಚಂದ್ರಾ, ಊಟ. ನಮ್ಮನೇಲೂ ಇದನ್ನೇ ತಿನ್ನೋದು," ಅಂದಿದ್ದೆ ನೀನು. ಆ ವಾರವೇ ನೀನು ಸಿಡ್ನಿಯಲ್ಲಿ ಕೆಲಸ ಹುಡುಕತೊಡಗಿದೆ.

ಇವತ್ತು ಬೆಳಿಗ್ಗೆ, ಜೈನರ ಮನೆಯ ಹುಡುಗಿ ನಾನು, ಮೊದಲ ಸಲ ಕೋಳಿ ಮಾಂಸ ಕೊಂಡು ತಂದೆ. ಸಣ್ಣಗೆ ಹೆಚ್ಚಿ, ನೆನೆಸಿದ ತಿಂಡಿಯಲ್ಲಿ ಕಲಸಿಟ್ಟೆ. ಕೆಂಚ ತಿಂಡಿಯನ್ನಷ್ಟೇ ಹೆಕ್ಕಿ ತಿಂದು ಮಾಂಸ ಬಿಟ್ಟ. ಕೊನೆಗೆ ಅದನ್ನು ಬೆರಳಿಗೆ ಮೆತ್ತಿಕೊಂಡು ಅವನ ಒಸಡಿಗೆ ಸವರಿದೆ. ನನಗೆ ವಾಕರಿಕೆ ಬಂತು, ಅವನಿಗೂ. ನಾಲ್ಕನೇ ಸಲ ನೆಕ್ಕಿದ. ಆಮೇಲೆ ಬಟ್ಟಲಿಗೇ ಬಾಯಿ ಹಾಕಿ, ಚೂರೂ ಬಿಡದೆ ತಿಂದ.

ಖುಷಿಯಲ್ಲಿ ಕೈ ತೊಳೆಯುವುದನ್ನೂ ಮರೆತು ನಿನ್ನ ನಂಬರ್ ಒತ್ತಿದೆ. ನೀನು ಹಲೋ ಅಂದೆ. ಆಗ ಹೊಳೆಯಿತು, ನೀನು ಮೊದಲು ಕೇಳುವುದು ಮಲ್ಲಿ ಹೇಗಿದ್ದಾಳೆ ಎಂದು.

ನೀನು ಇನ್ನೊಂದು ಸಲ ಹಲೋ ಅನ್ನುವಷ್ಟರಲ್ಲಿ ನಾನು ಫೋನ್ ಇಟ್ಟುಬಿಟ್ಟೆ.

ಚಂದ್ರಪ್ರಭಾ